ಪ್ರೊಫೆಸರ್ ಮರೆತ ಪ್ಲೇಟು

ನನ್ನ ಚಿಂತೆ ಏನು ಗೊತ್ತಾ? ಜಡೆ!

ನಿನ್ನೆ ಆರು ಗಂಟೆ ಅಲುಗಾಡದೆ ಕೂತು ಹೆಣೆಸಿಕೊಂಡ ಸಣ್ಣ ಜಡೆಗಳು... ಲ್ಯಾಬಿನ ಕೋಲ್ಡ್ ರೂಮಿನಲ್ಲಿ ತೊಟ್ಟಿಕ್ಕುವ ಹನಿಗೆ ಹಾಳಾಗುತ್ತಿದ್ದವು.

ನನ್ನನ್ನು ಒಳಗೆ ಕೂಡಿಹಾಕಿ ಬಾಗಿಲಾಚೆ ನಿಂತವನು ಟ್ವೆನೆಬೊವಾ. ಪ್ರೊಫೆಸರ್ ಅಜೆಕುಮ್ ಅವರ ಸೋದರಳಿಯ. ಬಾಗಿಲಿನಷ್ಟೇ ಅಗಲ, ಬಾಗಿಲಿನಷ್ಟೇ ಬುದ್ಧಿ.

"ಸೆಲಾಸಿ, ತಂಗಿ... ಆ ನೋಟ್‌ಬುಕ್ ಕೊಟ್ಟುಬಿಡಮ್ಮ. ಮಾವ ನಿನಗೆ ಪಿಎಚ್‌ಡಿ ಸೀಟು ಕೊಡಿಸ್ತಾರೆ."

"ಕೊಡದಿದ್ರೆ?"

"ಒಳಗೇ ಇರು. ಆ ಚಳಿಗೆ ಮೀನೇ ಕೆಡಲ್ಲ, ನೀನು ಕೆಡ್ತೀಯಾ?"

ತಮಾಷೆ ಬೇರೆ!

ನೋಟ್‌ಬುಕ್ಕಿನಲ್ಲಿ ಇದ್ದದ್ದು ಒಂದು ಪುಟದ ವಿಷಯ. ನಮ್ಮ ಹೆಂಗಸರಿಗೆ ಬರುವ ಸ್ತನ ಕ್ಯಾನ್ಸರ್ ಬಲು ಹಟಮಾರಿ. ಅದನ್ನು ಕುಣಿಸುವ ಜೀನ್‌ನ ಬಾಯಿ ಮುಚ್ಚಿಸಲು ಆರ್‌ಎನ್‌ಎಯ ಒಂದು ಚೂರು, ಅದನ್ನು ಹೊತ್ತೊಯ್ಯಲು ಕೊಬ್ಬಿನ ಹನಿ... ಇದು ಪ್ರೊಫೆಸರ್ ಔಷಧಿ. ಕ್ಯಾನ್ಸರ್ ಕೋಶಗಳು ಸತ್ತವು. ಚಪ್ಪಾಳೆ! ಹೊಸ ಸೂಟು!

ಲ್ಯಾಬ್ ಸಹಾಯಕಿ ನಾನು, ಹೋಲಿಸಿ ನೋಡಲು ಕೋಶಗಳ ಇನ್ನೊಂದು ಪ್ಲೇಟು ಇಟ್ಟಿದ್ದೆ. ಅದೇ ಕೊಬ್ಬಿನ ಹನಿ, ಒಳಗೆ ಯಾವ ಜೀನ್‌ನ ತಂಟೆಗೂ ಹೋಗದ ಆರ್‌ಎನ್‌ಎ. ಅಲ್ಲಿ ಏನೂ ಆಗಬಾರದಿತ್ತು.

ಅಲ್ಲೂ ಎಲ್ಲ ಸತ್ತವು. ಪಕ್ಕದಲ್ಲಿಟ್ಟ ಆರೋಗ್ಯವಂತ ಕೋಶಗಳೂ! ವಿಷ ಇದ್ದದ್ದು ಹನಿಯಲ್ಲೇ.

ವರದಿ ಬರೆಯುವಾಗ ಪ್ರೊಫೆಸರ್ ಆ ಪ್ಲೇಟನ್ನು ಮರೆತರು. ಪಾಪ, ವಯಸ್ಸಾಯಿತು.

ಈಗ ಮೇಲಿನ ಮಹಡಿಯಲ್ಲಿ ಎಥಿಕ್ಸ್ ಕಮಿಟಿ. ಒಪ್ಪಿಗೆ ಸಿಕ್ಕರೆ ನಾಳೆಯಿಂದ ಹನ್ನೊಂದು ಹೆಂಗಸರಿಗೆ ಸೂಜಿ. ಪಟ್ಟಿಯಲ್ಲಿ ಮೊದಲ ಹೆಸರು ಮಾಮೆ ಸೆರ್ವಾ. ಗೇಟಿನ ಬಳಿ ಕೆಂಕೆ, ಅಂದರೆ ಮೆಕ್ಕೆಜೋಳದ ಹುಳಿಹಿಟ್ಟಿನ ಮುದ್ದೆ, ಮಾರುವವಳು. ನನ್ನ ಎಲೆಗೆ ದಿನವೂ ಒಂದು ಮೀನು ಜಾಸ್ತಿ ಹಾಕುವವಳು.

ಕೋಲ್ಡ್ ರೂಮಿನ ಬಾಗಿಲು ಒಳಗಿನಿಂದಲೂ ತೆರೆಯುತ್ತದೆ ಅಂತ ಟ್ವೆನೆಬೊವಾನಿಗೆ ಯಾರೂ ಹೇಳಿರಲಿಲ್ಲ.

ಬಾಗಿಲಿಗೆ ಒದ್ದೆ! ಅವನ ಮೂಗಿಗೇ ಬಡಿಯಿತು.

ಓಡಿದೆ. ಮೆಟ್ಟಿಲ ಮೇಲೆ ಜಡೆಗೆ ಕೈ ಹಾಕಿದ. ಎಳೆದ. ಒಂದು ಅವನ ಮುಷ್ಟಿಯಲ್ಲೇ ಉಳಿಯಿತು. ಕೂದಲು ಅಂಗಡಿಯದು... ನೋವು ಮಾತ್ರ ನನ್ನದು.

ಸಭೆಗೆ ನುಗ್ಗಿದೆ. ಏಳು ಜನ ಹಿರಿಯರು. ಪ್ರೊಫೆಸರ್ ದಡಕ್ಕನೆ ಎದ್ದರು.

"ಯಾರು ಬಿಟ್ಟಿದ್ದು ಇವಳನ್ನ? ಹೊರಗೆ..."

ನಾನು ಬಲಗಡೆಯ ಮೊದಲ ಕುರ್ಚಿಯ ಅಜ್ಜನಿಗೆ ಕೈ ಚಾಚಿದೆ. "ನಮಸ್ಕಾರ, ನಾನಾ." ಮುಂದಿನ ಕುರ್ಚಿ. "ನಮಸ್ಕಾರ, ಆಂಟಿ."

ಹಿರಿಯರಿಗೆ ನಮಸ್ಕಾರ ಹೇಳುತ್ತಿರುವವರನ್ನು ತಡೆಯುವ ಗಂಡು ನಮ್ಮ ಕುಮಾಸಿ ಊರಲ್ಲಿ ಇನ್ನೂ ಹುಟ್ಟಿಲ್ಲ! ಟ್ವೆನೆಬೊವಾ ಬಾಗಿಲಲ್ಲೇ ಕಂಬವಾದ, ಕೈಯಲ್ಲಿ ಜಡೆ. ಪ್ರೊಫೆಸರರಿಗೂ ಕೈ ಕೊಟ್ಟೆ. ಕುಲುಕಲೇಬೇಕಾಯಿತು. ಬೆವರು!

ಕೊನೆಯ ಕೈ ಅಧ್ಯಕ್ಷೆ ಡಾಕ್ಟರ್ ಬೆಮಾ ಅವರದು. ನಮಸ್ಕಾರ ಮುಗಿದ ಮೇಲೆ ಬಂದ ಕಾರಣ ಕೇಳುವುದು ನಮ್ಮ ಪದ್ಧತಿ. ಕೇಳಿದರು.

"ಕೂತ್ಕೋ ಮಗಳೇ. ಏನು ಬಂದಿದ್ದು?"

ನೋಟ್‌ಬುಕ್ ತೆರೆದಿಟ್ಟೆ. ಎರಡು ವರ್ಷದಲ್ಲಿ ಈ ಕಟ್ಟಡದಲ್ಲಿ ನಾನು ಆಡಿದ್ದು "ಹೂಂ", "ಸರಿ ಸರ್"... ಅಷ್ಟೇ.

"ಪ್ರೊಫೆಸರರ ಔಷಧಿ ಕೊಲ್ಲೋದೇನೋ ನಿಜ, ಮೇಡಂ... ಯಾರನ್ನ ಅಂತ ಮಾತ್ರ ನೋಡಲ್ಲ."