ಏರಿನಲ್ಲಿ ಕೈಬಿಟ್ಟ ಗೇರು

ಆಷಾಢದ ಗಾಳಿ ಎದ್ದಿದ್ದ ಒಂದು ಬೆಳಿಗ್ಗೆ, ಎಂಬತ್ತಮೂರನೇ ಇಸವಿ ಇರಬೇಕು, ಪೊನ್ನಮ್ಮಾಳ್ ಚಿನ್ನದ ಗಣಿಯ ಉರಿಗಾಮಿನಲ್ಲಿದ್ದ ನಮ್ಮ ಕೂಲಿ ಮನೆಗಳ ಲೈನಿಗೆ ಓಡಿ ಬಂದಳು. ನಾನು ಆದಿಲಕ್ಷ್ಮಮ್ಮನವರ ಜಗಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ.

"ಮೇಷ್ಟ್ರಮ್ಮಾ, ನಮ್ಮೋರ್ನ ಪೊಲೀಸ್ನೋರು ಇಡ್ಕೊಂಡೋದ್ರು! ಸೀನಪ್ಪ ಸತ್ತಿದ್ದು ಇವ್ರ ಕೈಕೆಲ್ಸದಿಂದಾನಂತೆ. ಇಪ್ಪತ್ತು ವರ್ಷ ಗಣಿ ಪಂಪು ನೋಡ್ಕೊಂಡ ಕೈ ಅದು. ಸಾಮಿ ಸತ್ಯಮಾ, ಒಂದು ನಟ್ಟು ಸಡ್ಲ ಬಿಟ್ಟೋರಲ್ಲ."

ಆದಿಲಕ್ಷ್ಮಮ್ಮನವರು ಅವಳಿಗೆ ಮೊದಲು ನೀರು ಕೊಡಿಸಿದರು. ಗಣಿ ಕೂಲಿಯವರ ಹೆಂಗಸರಿಗೆ ರಾತ್ರಿ ಶಾಲೆ ನಡೆಸುತ್ತಿದ್ದವರು ಅವರು. ಐವತ್ತು ದಾಟಿದ ಮೇಲೆ ನನ್ನ ಕೈಗೆ ಬಳಪ ಕೊಟ್ಟವರೂ ಅವರೇ. ಅಂದಿನಿಂದ ಅವರು ಹೋದಲ್ಲೆಲ್ಲ ಪಿಳ್ಳಮ್ಮನೆಂಬ ನಾನೂ ಹಿಂದೆ. ಕಳೆದ ಓಲೆ, ಸತ್ತ ಹಸು, ಮುರಿದ ಬೀಗ, ಏನೇ ಆದರೂ ಜನ ಅವರ ಹತ್ತಿರ ಬರುತ್ತಿದ್ದರು. ಅಕ್ಷರ ಕಲಿಸುವಾಗ ಹೇಗೋ ಹಾಗೆ, ಒಂದನ್ನೂ ಬಿಡದೆ ಬೆರಳಿಟ್ಟು ಓದುವುದು ಅವರ ಪದ್ಧತಿ.

ಆಂಡರ್ಸನ್‌ಪೇಟೆಯ ಸೀನಪ್ಪನನ್ನು ನಾವೆಲ್ಲ ಬಲ್ಲೆವು. ಗಣಿಯ ದೊರೆಯೊಬ್ಬ ಬಿಟ್ಟುಹೋಗಿದ್ದ ಹಳೇ ಅಮೆರಿಕನ್ ವ್ಯಾನು ಕೊಂಡು, ಹಿಂದಕ್ಕೆ ಕೊಕ್ಕೆ ಕಟ್ಟಿಸಿ, ಕೆಟ್ಟು ನಿಂತ ಲಾರಿಗಳನ್ನು ಎಳೆದು ತರುವುದು ಅವನ ಕಸುಬು. ಆ ವ್ಯಾನಿಗೆ ಕ್ಲಚ್ಚಿಲ್ಲ. ಆಯಿಲ್ಲಿನ ಬಲದಿಂದ ಗೇರು ತಾನಾಗಿಯೇ ಬದಲಾಗುತ್ತದೆ. ಭಾರ ಎಳೆದರೆ ಆಯಿಲ್ಲು ಕಾಯುತ್ತದೆ. ತೀರಾ ಕಾದರೆ ಗೇರು ಹಿಡಿಯುವುದೇ ಇಲ್ಲ. ಅದಕ್ಕೇ ಪೊನ್ನಮ್ಮಾಳ್ ಗಂಡ ಕುಪ್ಪುಸ್ವಾಮಿ ಗುಜರಿಯಿಂದ ಒಂದು ಸಣ್ಣ ಆಯಿಲ್ ಕೂಲರು ತಂದು, ಬಂಪರಿನ ಕೆಳಗೆ ಒಂದು ಬದಿಗೆ ನಾಲ್ಕು ಬೋಲ್ಟು ಹಾಕಿ ಕೂರಿಸಿ, ಗೇರ್ ಬಾಕ್ಸಿನಿಂದ ಎರಡು ಹೋಸ್ ಪೈಪು ಎಳೆದಿದ್ದ. ಆಯಿಲ್ಲು ಅದರೊಳಗೆ ಹರಿದು, ಎದುರುಗಾಳಿಗೆ ತಣ್ಣಗಾಗಿ ಹಿಂತಿರುಗಬೇಕು. ಇದಾಗಿ ಮೂರು ವಾರವಾಗಿತ್ತು.

ಹಿಂದಿನ ದಿನ ಬೆಳಿಗ್ಗೆ ಬಂಗಾರಪೇಟೆಯ ರೈಲ್ವೆ ಗೇಟಿನಲ್ಲಿ ಲಾರಿಯೊಂದು ಕೆಟ್ಟು ನಿಂತಿತು. ರೈಲು ಬರುವ ಹೊತ್ತು. ಸುದ್ದಿ ಬಂದದ್ದೇ ಸೀನಪ್ಪ ಎದ್ದುಬಿದ್ದು ಓಡಿದ. ಲಾರಿಯನ್ನು ಹಳಿಯಿಂದ ಎಳೆದ, ಆಂಡರ್ಸನ್‌ಪೇಟೆಯ ಕಡೆಗೂ ಎಳೆದು ತಂದ. ದಾರಿಯ ದೊಡ್ಡ ಏರಿನಲ್ಲಿ ವ್ಯಾನು ನಿಂತಿತು. ಲಾರಿ ಅದನ್ನು ಹಿಂದಕ್ಕೆ ಜಗ್ಗಿ ಹಳ್ಳಕ್ಕೆ ಕೆಡವಿತು. ಕೂಲರಿನ ಪೈಪು ತುಂಡಾಗಿ, ಆಯಿಲ್ಲು ನೆಲದ ಮೇಲೆ ಹರಿದಿದ್ದನ್ನು ನೋಡಿ ಪೊಲೀಸರು ಕುಪ್ಪುಸ್ವಾಮಿಯನ್ನು ಹಿಡಿದರು.

ನಾವು ಹಳ್ಳಕ್ಕೆ ಹೋದಾಗ ಬೇರೆ ಗ್ಯಾರೇಜಿನ ಪೆರುಮಾಳ್ ವ್ಯಾನನ್ನು ಮೇಲೆತ್ತಲು ಸರಪಳಿ ಹಾಕುತ್ತಿದ್ದ. ಅವನಿಗೂ ಸೀನಪ್ಪನಿಗೂ ಗಿರಾಕಿಗಳ ವಿಷಯಕ್ಕೆ ಆಗುತ್ತಿರಲಿಲ್ಲ. ಮಾಡಿದ್ದು ಇವನೇ ಎಂದು ನನ್ನ ಮನಸ್ಸು ಆಗಲೇ ತೀರ್ಪು ಬರೆದಿತ್ತು.

"ಏನು ಪಿಳ್ಳಮ್ಮಕ್ಕಾ, ನನ್ನನ್ನೇ ನುಂಗೋ ಅಂಗೆ ನೋಡ್ತೀಯ? ಜಗಳ ಆಡೋಕಾದ್ರೂ ಅವ್ನಿರ್ಬೇಕಿತ್ತು ನಂಗೆ" ಎಂದು ಮುಖ ತಿರುಗಿಸಿಕೊಂಡ.

ಆದಿಲಕ್ಷ್ಮಮ್ಮನವರು ಸೆರಗು ಸಿಕ್ಕಿಸಿಕೊಂಡು ಹಳ್ಳಕ್ಕಿಳಿದರು. ತುಂಡಾದ ಪೈಪಿನ ತುದಿಯನ್ನು ನನಗೂ ತೋರಿಸಿದರು. ಹರಿದದ್ದಲ್ಲ, ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಕೊಯ್ದದ್ದು. ಕ್ಲಿಪ್ಪುಗಳು ಬಿಗಿಯಾಗಿಯೇ ಇದ್ದವು. ನೆಲದ ಆಯಿಲ್ಲನ್ನು ಬೆರಳಿಗೆ ಹಚ್ಚಿ ಮೂಸಿದರು. ಕಪ್ಪಗಿತ್ತು, ಸೀದ ವಾಸನೆ. ವ್ಯಾನಿನ ದೀಪ, ಬಂಪರುಗಳ ಮೇಲೆ ಬೂದು ಧೂಳು ಮೆತ್ತಿತ್ತು. ಕೂಲರಿನ ಮುಖ ಮಾತ್ರ ತೊಳೆದ ತಟ್ಟೆಯ ಹಾಗೆ. ಅದರ ಒಂದು ಬೋಲ್ಟಿಗೆ ನಾಲ್ಕು ಎಳೆ ನಾರು, ಒಂದು ನೀಲಿ ದಾರ ಸಿಕ್ಕಿಕೊಂಡಿದ್ದವು. ಆಮೇಲೆ ಅವರು ಏರಿನ ಬುಡದಿಂದ ತುದಿಯವರೆಗೆ ರಸ್ತೆ ನೋಡುತ್ತ ನಡೆದರು. ಎಲ್ಲೂ ಒಂದು ತೊಟ್ಟು ಆಯಿಲ್ಲಿಲ್ಲ.

ಲಾರಿ ಡ್ರೈವರು ಆಂಜಿನಪ್ಪ ಕೈಗೆ ಪಟ್ಟಿ ಕಟ್ಟಿಸಿಕೊಂಡು ಟೀ ಅಂಗಡಿಯಲ್ಲಿ ಕೂತಿದ್ದ.

"ಇಂಜಿನ್ನು ಅರಚ್ಕೊಂತಾ ಇತ್ತಮ್ಮಾ, ಬಂಡಿ ಮಾತ್ರ ಕದಲ್ಲಿಲ್ಲ. ಸೀದ ವಾಸ್ನೆ ಬೇರೆ. ನಾನು ಲಾರಿಯಿಂದ ಕೆಳಕ್ಕಾರ್ದೆ. ಅವ್ನು ಬ್ರೇಕು ಬಿಡ್ಲಿಲ್ಲ, ಕೊನೇಗಂಟ."

"ಮೊದಲು ಓಡಿ ಬಂದೋರು ಯಾರು?"

"ಸೀನಪ್ಪನ ಅಪ್ಪ ದೊಡ್ಡವೆಂಕಟಪ್ಪ. ಪಕ್ಕದಾಗೇ ಅವ್ರ ಒಲ, ಹುಲ್ಲು ಕೊಯ್ತಾ ಇದ್ರು. ಮಗನ್ನ ತೊಡೆ ಮೇಲಾಕ್ಕೊಂಡ್ರು. ನಾನು ಜನ ಕರ್ಯೋಕೆ ಓಡ್ದೆ. ಬರೋದ್ರೊಳ್ಗೆ ಪ್ರಾಣ ಓಗಿತ್ತು."

ಅಲ್ಲಿಂದ ಸೀನಪ್ಪನ ಮನೆಗೆ ಹೋದೆವು. ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಪುಡಿಮಣ್ಣಿನ ಗುಡ್ಡ, ಆ ಸೈನೈಡ್ ದಿಬ್ಬದ ಧೂಳು ಮೊದಲು ಬಡಿಯುವುದೇ ಆ ಬೀದಿಗೆ. ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಕಟ್ಟಿತ್ತು. ತಾಟಿನ ಅಂಚಿಗೆ ಹಳೇ ಸೀರೆಯ ನೀಲಿ ಅಂಚು ಮಡಿಸಿ ಹೊಲಿದು, ಮೂಲೆಗೊಂದು ಲಾಡಿ ಇಟ್ಟಿದ್ದಳು ಮಂಗಮ್ಮ, ಸೀನಪ್ಪನ ಹೆಂಡತಿ. ಬಾಗಿಲ ಬಳಿ ಕೂತಿದ್ದ ಅವಳ ಕಣ್ಣಲ್ಲಿ ನೀರೂ ಇರಲಿಲ್ಲ. ದೊಡ್ಡವೆಂಕಟಪ್ಪ ಕೊಟ್ಟಿಗೆಯ ಗೂಟಕ್ಕೆ ಒರಗಿದ್ದ. ಕುಡುಗೋಲು ಇನ್ನೂ ಸೊಂಟದಲ್ಲೇ ಇತ್ತು.

"ವ್ಯಾನನ್ನ ಚೆನ್ನಾಗಿ ನೋಡ್ಕೊಂತಿದ್ನಾ, ಮಂಗಮ್ಮಾ?"

"ಮೂತಿ ಅನ್ನೋರು ಆ ಕೂಲರ್‌ನ. ದಿನಾ ಬೆಳಿಗ್ಗೆ ಹಳೇ ಬ್ರಷ್ಷಾಗೆ ಅದ್ರ ಧೂಳು ಉಜ್ಜೋರು. ಕಾಫಿ ಆರೋಗೋದು."

ಆದಿಲಕ್ಷ್ಮಮ್ಮನವರು ಕಿಟಕಿಯ ತಾಟಿನ ಅಂಚು ಮುಟ್ಟಿ ನೋಡಿ ಹೊರಟರು. ಆ ಸಂಜೆ ಪಾಠ ಮಾಡಲಿಲ್ಲ. "ಪಿಳ್ಳಮ್ಮಾ, ಕೆಲವು ಸಾಲು ಓದೋಕೆ ಬರುತ್ತೆ, ಬಾಯಿಂದ ಹೇಳೋಕೆ ಬರೋದಿಲ್ಲ" ಎಂದಷ್ಟೇ ಅಂದರು.

ಮಾರನೇ ದಿನ ಸೀನಪ್ಪನ ಅಂಗಳದಲ್ಲಿ ಎಲ್ಲರೂ ಸೇರಿದರು. ಸಬ್ ಇನ್ಸ್‌ಪೆಕ್ಟರು ಕುಪ್ಪುಸ್ವಾಮಿಯನ್ನು ಕರೆತಂದಿದ್ದರು. ಪೊನ್ನಮ್ಮಾಳ್, ಪೆರುಮಾಳ್, ಆಂಜಿನಪ್ಪ ಇದ್ದರು. ಮಂಗಮ್ಮ ಒಳಗೇ ಇರಲಿ ಎಂದು ಆದಿಲಕ್ಷ್ಮಮ್ಮನವರು ನನಗೆ ಹೇಳಿದ್ದರು. ನಾನು ಬಾಗಿಲು ಮುಂದಕ್ಕೆ ಹಾಕಿದ್ದೆ.

"ಪೈಪು ದಾರೀಲೇ ತುಂಡಾಗಿದ್ದರೆ ಏರಿನುದ್ದಕ್ಕೂ ಆಯಿಲ್ಲು ಚೆಲ್ಲಿರಬೇಕಿತ್ತು" ಎಂದು ಅವರು ಶುರು ಮಾಡಿದರು. "ಒಂದು ತೊಟ್ಟೂ ಇಲ್ಲ. ಚೆಲ್ಲಿರೋದೆಲ್ಲ ಹಳ್ಳದಲ್ಲೇ. ಅಂದರೆ ಬಿದ್ದ ಮೇಲೆ ಯಾರೋ ಕೊಯ್ದಿದ್ದು."

"ಹಾಗಾದ್ರೆ ವ್ಯಾನು ನಿಂತಿದ್ದು ಯಾಕೆ?" ಎಂದರು ಸಬ್ ಇನ್ಸ್‌ಪೆಕ್ಟರು.

"ಆಯಿಲ್ಲು ಸೀದು ಕಪ್ಪಗಾಗಿದೆ. ಚೆಲ್ಲಿ ಹೋದ ಆಯಿಲ್ಲು ಸೀಯೋದಿಲ್ಲ ಸಾರ್, ಒಳಗೇ ಇದ್ದು ತಣ್ಣಗಾಗದ್ದು ಸೀಯುತ್ತೆ. ಕೂಲರಿಗೆ ಗಾಳಿ ಸಿಕ್ಕಿಲ್ಲ. ವ್ಯಾನೆಲ್ಲ ಧೂಳು, ಕೂಲರಿನ ಮುಖ ಮಾತ್ರ ಚೊಕ್ಕಟ. ಯಾಕಂದ್ರೆ ಅದರ ಮೇಲೆ ಗೋಣಿತಾಟು ಕಟ್ಟಿತ್ತು. ಬೋಲ್ಟಿನಲ್ಲಿ ಅದರ ನಾರಿದೆ. ಕುಪ್ಪುಸ್ವಾಮಿ ಕೆಲಸದಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ."

ನೀಲಿ ದಾರದ ಮಾತನ್ನು ಅವರು ಎತ್ತಲಿಲ್ಲ. ನಾನು ಅಷ್ಟರಲ್ಲಿ ಕಿಟಕಿಯ ತಾಟಿನ ನೀಲಿ ಅಂಚು ನೋಡಿದ್ದೆ.

"ಆ ತಾಟು ತೆಗೆದು, ಪೈಪು ಕೊಯ್ಯೋಷ್ಟು ಹೊತ್ತು ಹಳ್ಳದಲ್ಲಿ ಒಬ್ಬರೇ ಇದ್ದೋರು ಒಬ್ಬರು. ಹುಲ್ಲು ಕೊಯ್ಯೋ ಕೈ, ಕೆಳಗಿಂದ ಮೇಲಕ್ಕೆ ಎಳೆಯುತ್ತೆ. ದೊಡ್ಡವೆಂಕಟಪ್ಪನೋರೇ, ನೀವೇ ಹೇಳ್ತೀರಾ?"

ಮುದುಕ ಸೊಂಟದ ಕುಡುಗೋಲು ತೆಗೆದು ನೆಲದ ಮೇಲಿಟ್ಟ.

"ಮಗ ಏಳ್ದ, ನಾನು ಮಾಡ್ದೆ. ‘ಅಪ್ಪಾ, ಮೂತಿಗೆ ತಾಟು ಕಟ್ಟೈತೆ, ನಾನು ನೋಡ್ಲಿಲ್ಲ. ಬಿಚ್ಬುಡು. ಮಂಗಿಗೆ ಏಳ್ಬ್ಯಾಡ’ ಅಂದ. ಅದೇ ಕೊನೇ ಮಾತು. ಬಿಚ್ದೆ. ಬ್ಯಾರೆ ಏನಾರ ಕಾರಣ ಬೇಕಲ್ಲ, ಪೈಪು ಕೊಯ್ದೆ. ಪೈಪು ಕಿತ್ತೋಯ್ತು, ಗ್ರಾಚಾರ ಅಂತ ಸುಮ್ಕಾಗ್ತಾರೆ ಅಂದ್ಕೊಂಡೆ. ಈ ಕುಪ್ಪುಸ್ವಾಮೀನ ಇಡ್ಕೊಂಡೋಗ್ತಾರೆ ಅಂತ ಗೊತ್ತಿರ್ಲಿಲ್ಲ ಸ್ವಾಮಿ. ಗೊತ್ತಾದ್ಮೇಲೆ ಬಾಯೇ ಬರ್ಲಿಲ್ಲ."

"ನಿಮ್ಗೆ ಒಬ್ಳು ಸೊಸೆ, ನಂಗಿರೋದು ಒಬ್ಬ ಗಂಡ ತಾತಾ!" ಎಂದು ಪೊನ್ನಮ್ಮಾಳ್ ಕೂಗಿ, ಕೂಗಿದ್ದಕ್ಕೆ ತಾನೇ ಅತ್ತಳು.

ಬಾಗಿಲು ಕಿರ್ರೆಂದಿತು. ಮಂಗಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

"ತಾಟು ಕಟ್ಟಿದ್ದು ನಾನು, ಸಾರ್. ಅವತ್ತೇ ಮೊದ್ಲು. ಗಾಳಿ ಜಾಸ್ತಿ ಇತ್ತು. ಕಿಟ್ಕಿಗೆ ಕಟ್ಟಿದ್ರೆ ಮನೆ ಚೊಕ್ಕಟಾಗಿರ್ತೈತೆ, ವ್ಯಾನಿಗೂ ಅಂಗೇ ಅಂದ್ಕೊಂಡೆ. ಉಜ್ಜೋ ಕೆಲ್ಸ ತಪ್ಪಿದ್ರೆ ಒಂದಿನಾನಾದ್ರೂ ಕಾಫಿ ಬಿಸಿ ಇರೋವಾಗ್ಲೇ ಕುಡೀಲಿ ಅಂತ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಷ್ಟ್ರಾಗೆ ಗೇಟ್ನಿಂದ ಆಳು ಬಂದ. ಅರ್ಧ ಲೋಟ ಬಿಟ್ಟು ಎದ್ದೋದ್ರು. ಮುಂದ್ಗಡೆ ನೋಡ್ಲೇ ಇಲ್ಲ."

ಕುಪ್ಪುಸ್ವಾಮಿ ಎದ್ದು ಅವಳೆದುರು ನಿಂತ. "ತಂಗಚ್ಚೀ, ಗಾಳಿಗೆ ಅಡ್ಡ ಏನೂ ಇಡ್ಬೇಡ ಅಂತ ಸೀನಪ್ಪನಿಗೆ ಹೇಳ್ದೆ. ಮನೇಲಿರೋ ನಿಂಗೆ ಹೇಳ್ಳಿಲ್ಲ. ನಂದೂ ತಪ್ಪೈತೆ."

ಸಬ್ ಇನ್ಸ್‌ಪೆಕ್ಟರು ಟೋಪಿ ಕೈಗೆ ತೆಗೆದುಕೊಂಡರು. ಕುಪ್ಪುಸ್ವಾಮಿ ಮನೆಗೆ ಹೋಗಬಹುದೆಂದೂ, ಮುದುಕ ನಾಳೆ ಸ್ಟೇಷನ್ನಿಗೆ ಬಂದು ಹೇಳಿಕೆ ಬರೆಸಬೇಕೆಂದೂ ಅಂದು ಹೊರಟರು. ಒಬ್ಬೊಬ್ಬರಾಗಿ ಅಂಗಳ ಖಾಲಿಯಾಯಿತು. ಆದಿಲಕ್ಷ್ಮಮ್ಮನವರು ಮಾತ್ರ ಏಳಲಿಲ್ಲ.

"ಮುಚ್ಚಿಡೋಕೆ ನೋಡಿದೆ ಮಂಗಮ್ಮಾ. ಆಗಲಿಲ್ಲ."

"ಇನ್ನೊಬ್ಬಳ ಗಂಡನ್ನ ಒಳಗಿಟ್ಟು ನಾನೆಂಗೆ ಮುಚ್ಕೊಂಡಿರ್ಲಿ, ಮೇಷ್ಟ್ರಮ್ಮಾ?"

ಅವಳು ಒಳಗೆ ಹೋದಳು. ಒಲೆ ಊದುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಒಂದು ಲೋಟ ಕಾಫಿ ತಂದು ಗೂಟದ ಬಳಿ ಮಾವನ ಎದುರು ಕುಕ್ಕರಗಾಲಿನಲ್ಲಿ ಕೂತಳು.

"ಬಿಸಿ ಇರೋವಾಗ್ಲೇ ಕುಡೀ, ಮಾವ."

ಅವನು ಲೋಟಕ್ಕೆ ಕೈಯೊಡ್ಡಿದ. ಅವಳು ಲೋಟಕ್ಕೆ ತನ್ನ ಕೈಯನ್ನೂ ಆನಿಸಿದಳು. ಬುಡದ ಗಸಿ ಕಾಣುವವರೆಗೂ ಅಲ್ಲಿಂದ ಏಳಲಿಲ್ಲ.