ಎರಡು ಮಾತಿಗೊಂದು ಉಸಿರು

ಅಜ್ಜಿ ತೀರಿಕೊಂಡು ನಲವತ್ತೈದು ದಿನವಾಗಿತ್ತು. ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿದ್ದಳು.

"ನನ್ನ ಕಾರ್ಡು... ಇನ್ನೊಂದು ವರ್ಷ... ಮುಂದುವರಿಸಿ ಕಣಮ್ಮ."

ಬಡವರ ಔಷಧದ ಖರ್ಚಿಗೆ ನೆರವು ಕೊಡುವ ಆ ಕಚೇರಿಯಲ್ಲಿ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ. ತಪಾಸಣೆಯ ಮೇಡಂ ಮೂರು ಸಲ ಕೇಳಿದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಮೂಗು ಮೇಡಂ ಅನ್ನುತ್ತಿದ್ದರು. ಅವರು ಎಲ್ಲ ಕಡೆ ತೂರಿಸುತ್ತಿದ್ದದ್ದು ಅದನ್ನೇ. ವರ್ಷವರ್ಷವೂ ಅಜ್ಜಿಯ ಕರೆ ತೆಗೆದುಕೊಂಡವರೂ ಅವರೇ. ಎರಡು ಮಾತಿಗೊಂದು ಉಸಿರು, ನಡುವೆ ಎದೆಯ ಸೀಟಿ. ಅದೇ ದನಿ. ಮೇಜಿನ ಮೇಲೆ ಪಾಲಿಕೆಯಿಂದ ಬಂದ ಮರಣ ಪ್ರಮಾಣಪತ್ರ.

ಹೆಡ್‌ಫೋನ್ ತೆಗೆದಿಟ್ಟರೂ ಸೀಟಿ ಕಿವಿಯಲ್ಲೇ ಉಳಿಯಿತು.

*

ಮೊದಲ ಅನುಮಾನ ಮೆಡಿಕಲ್ ಶಾಪಿನವನ ಮೇಲೆ. ಸತ್ತವರ ಕಾರ್ಡಿನಲ್ಲಿ ಮಾತ್ರೆ ಎತ್ತಿ ಬದುಕಿದವರಿಗೆ ಮಾರುವ ಜಾಣರನ್ನು ಮೇಡಂ ಹಿಂದೆಯೂ ಹಿಡಿದಿದ್ದರು. ಆದರೆ ಸಾವಿನ ಸುದ್ದಿ ಕೇಳಿ ಈತ ಸ್ಟೂಲಿನ ಮೇಲೆ ಕುಸಿದ. ಅಜ್ಜಿ ನಿನ್ನೆ ತಾನೇ ಫೋನ್ ಮಾಡಿದ್ದಳಂತೆ. ಮಧ್ಯಾಹ್ನ ಮಾತ್ರೆ ಡಬ್ಬಿಯನ್ನು ಅವಳ ಬಾಗಿಲಿಗೆ ನೇತುಹಾಕಿ ಬಂದಿದ್ದನಂತೆ.

ಬಟ್ಟೆ ಹೊಲಿದೂ ಹೊಲಿದೂ ಅಜ್ಜಿಯ ಬೆರಳು ಕೊಕ್ಕೆಯಾಗಿದ್ದವು. ಒತ್ತಿ ತಿರುಗಿಸುವ ಬಿಗಿ ಮುಚ್ಚಳ ತೆಗೆಯಲಾಗದೆಂದು ಯಾವಾಗಲೂ ಸಡಿಲದ್ದೇ ಹಾಕಿಕೊಡುತ್ತಿದ್ದ. ಈ ಸಲ ಮಾತ್ರ, ಸಡಿಲದ್ದು ಚೆಲ್ಲುತ್ತೆ, ಬಿಗಿಯದೇ ಇರಲಿ ಅಂದಳಂತೆ.

"ಸತ್ತ ಮೇಲೆ ಬೆರಳು ನೆಟ್ಟಗಾಗುತ್ತಾ ಮೇಡಂ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಕಳ್ಳ ತಾನೇ ಆಗಿದ್ದರೆ ಈ ಮುಚ್ಚಳದ ಕಥೆಯನ್ನು ಬಿಚ್ಚುತ್ತಲೂ ಇರಲಿಲ್ಲ.

*

ಅಜ್ಜಿಯ ಮನೆ ಮೂರನೇ ಮಹಡಿ. ಒಂದೇ ಕೋಣೆ, ಎರಡು ಮಂಚ. ಒಂದರ ಹಾಸಿಗೆ ಸುತ್ತಿಟ್ಟಿತ್ತು. ಬಾಗಿಲು ತೆರೆದ ಅಜ್ಜಿಯ ತಂಗಿಗೂ ಅರವತ್ತು ದಾಟಿತ್ತು. ದನಿ ಮಾತ್ರ ಚುರುಕು. ಅಕ್ಕನದರ ಹತ್ತಿರವೂ ಸುಳಿಯದು.

ಹೊಲಿಗೆ ಯಂತ್ರದ ಮೇಲೆ ಬಿಗಿ ಮುಚ್ಚಳದ ಡಬ್ಬಿ. ಮೇಡಂ ಅದನ್ನು ಕೈಗೆತ್ತಿಕೊಂಡರು. ತಂಗಿ ಎದೆ ಹಿಡಿದುಕೊಂಡಳು. ಸೀಟಿ ಶುರುವಾಯಿತು.

"ಅಕ್ಕನ ಹಾಗೆ... ನಟಿಸಲಿಲ್ಲ ಮೇಡಂ... ಮಾತ್ರೆ ಮುಗಿದ್ರೆ... ಹೆದರಿದ್ರೆ... ನನಗೂ ಬರೋದು... ಇದೇ ದನಿ."

ಮೇಡಮ್ಮಿನ ಕತ್ತಿನ ಹಿಂದೆ ಕೂದಲು ನಿಮಿರಿತು. ಆಮೇಲೆ ಎಲ್ಲ ಕೂಡಿಕೊಂಡಿತು. ಇಬ್ಬರಿಗೂ ಒಂದೇ ಕಾಯಿಲೆ, ತಂಗಿಯ ನೆಟ್ಟಗಿರುವ ಬೆರಳು. ಮನೆಗೊಂದೇ ಕಾರ್ಡು ಅನ್ನುವುದು ಕಚೇರಿಯ ನಿಯಮ. ಅಕ್ಕನ ಮಾತ್ರೆಯನ್ನೇ ಇಬ್ಬರೂ ಅರ್ಧರ್ಧ ನುಂಗಿದ್ದರು. ಅಕ್ಕ ಹೋದಳು, ಕಾರ್ಡೂ ಹೋದರೆ ತಂಗಿಯ ಉಸಿರು ಎಷ್ಟು ದಿನ?

ಡಬ್ಬಿಯಿದ್ದ ಜಾಗದಲ್ಲಿ ಕಚೇರಿಯ ಲಕೋಟೆಯಿತ್ತು. ಒಡೆದಿರಲಿಲ್ಲ.

"ಅಕ್ಕನ ಹೆಸರಿಗೆ ಬಂದದ್ದು," ಅಂದಳು ತಂಗಿ. "ಅವಳ ಕಾಗದ... ನಾನು ಯಾವತ್ತೂ... ಒಡೆದವಳಲ್ಲ."

ಅಕ್ಕನ ಹೆಸರು ಹೇಳಿ ಮಾತ್ರೆ ತರಿಸಿದವಳು, ಅಕ್ಕನ ಕಾಗದ ಮುಟ್ಟಿರಲಿಲ್ಲ.

ಮೇಡಂ ಒಡೆದರು. ಕಾರ್ಡುದಾರರು ಮೃತರಾದರೆ ಮನೆಯ ಇನ್ನೊಬ್ಬ ರೋಗಿಯ ಹೆಸರಿಗೆ ಕಾರ್ಡು ಬದಲಾಯಿಸಬಹುದು. ಪತ್ರ ತಲುಪಿದ ಮೂವತ್ತು ದಿನದೊಳಗೆ ಅರ್ಜಿ ಕೊಡಿ. ಇಷ್ಟನ್ನು ಮೃತಳಿಗೇ ಬರೆದಿತ್ತು. ಕೆಳಗಿನ ಸಹಿ ಮೇಡಮ್ಮಿನದೇ. ಕಟ್ಟುಗಟ್ಟಲೆ ಕಾಗದಕ್ಕೆ ಕಣ್ಣು ಹಾಯಿಸದೆ ಗೀಚಿದ್ದು.

"ಇದು ಯಾವಾಗ ತಲುಪಿತು?"

"ತಿಂಗಳ ಮೇಲಾಯ್ತು."

"ಅದು ಅಕ್ಕನಿಗೆ. ನಿಮಗೆ?"

ತಂಗಿ ಕಾಗದ ನೋಡಿದಳು, ಮೇಡಂ ಮುಖ ನೋಡಿದಳು.

"ಈಗ."

ಮೇಡಂ ಇಂದಿನ ತಾರೀಖು ಬರೆದು, ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ವರದಿಯಲ್ಲಿ ಎರಡು ತಪ್ಪು ದಾಖಲಿಸಿದರು. ಸುಳ್ಳು ಕರೆ ಎರಡನೆಯದು. ಮೊದಲನೆಯದು ತಮ್ಮದು.

ಮೆಟ್ಟಿಲಿಳಿಯುವಾಗ ಮೇಲಿಂದ ಸತ್ತವಳ ದನಿ ಬಂತು.

"ಜೋಪಾನ ಕಣಮ್ಮ... ಕೊನೇ ಮೆಟ್ಟಿಲು... ಒಡೆದಿದೆ."

ಮೇಡಂ ತಿರುಗಿ ನೋಡಲಿಲ್ಲ. ಕೊನೆಯ ಮೆಟ್ಟಿಲನ್ನು ಮಾತ್ರ ದಾಟಿ ಹೆಜ್ಜೆಯಿಟ್ಟರು.