ಉರಿಮಡುವಿನ ಸೀಸದ ಬೊಂಬೆ

“ನೀರ್ಗೆ ಇಳೀಬ್ಯಾಡಿ ಕಣವ್ವ. ದಡದಲ್ಲೇ ಕುಂತು ನೋಡ್ಕಂಡು ಬಂದ್ಬುಡಿ,” ಎಂದಳು ಚಿಕ್ಕಮಾದಮ್ಮ. ಹಾಗೆನ್ನುವಾಗಲೂ ಹುರುಳಿ ಕೇರುತ್ತಿದ್ದ ಅವಳ ಕೈ ನಿಲ್ಲಲಿಲ್ಲ. ಮುಖದಲ್ಲಿ ಗಾಬರಿಯ ಸುಳಿವೂ ಇರಲಿಲ್ಲ.

ಬೃಂದಾ ನಕ್ಕಳು. “ಯಾಕೆ ದೊಡ್ಡಮ್ಮ, ಅಲ್ಲಿ ದೆವ್ವ ಇದೆಯಾ?”

ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಬೃಂದಾ ಹಾರನಹಳ್ಳಿಯ ಲಿಂಗರಾಜುವನ್ನು ಮದುವೆಯಾಗಿ ವರ್ಷ ತುಂಬಿರಲಿಲ್ಲ. ಚಿಕ್ಕಮಾದಮ್ಮ ಅವನ ತಾಯಿಯ ಅಕ್ಕ. ಹ್ಯಾಂಡ್‌ಪೋಸ್ಟ್ ಎಂಬ ಊರು ದಾಟಿ ಕಾಡಂಚಿನಲ್ಲಿದ್ದ ಅವಳ ಮನೆಗೆ ಗಂಡಹೆಂಡಿರು ಬೈಕಿನಲ್ಲಿ ಬಂದಿದ್ದರು. ಹೊಳೆಯ ಪಕ್ಕದ ಬಂಡೆಗಳ ನಡುವೆ ಬಿಸಿನೀರು ಉಕ್ಕುವ ಉರಿಮಡುವಿನ ಸುದ್ದಿ ಕೇಳಿದಾಗಿನಿಂದ ಬೃಂದಾಳಿಗೆ ಅದೊಂದೇ ಗುಂಗು. ವಾರ್ಡಿನಲ್ಲಿ ನಿಂತು ನಿಂತು ಸೋತ ಕಾಲುಗಳನ್ನು ಆ ನೀರಿನಲ್ಲಿ ಇಳಿಬಿಡಬೇಕು.

“ದೆವ್ವ ಇಲ್ಲ. ನಂದೇ ಒಂದ್ ವಸ್ತು ಅದೆ ಅಲ್ಲಿ,” ಎಂದಳು ಮುದುಕಿ. “ನನ್ ಮಗಳು ಆ ಮಡುಗೆ ಜಾರ್ಬಿದ್ದು ಸತ್ಲು. ನಾನು ಅನ್ನ ನೀರು ಬುಟ್ಟು ಎದೆ ಬಡ್ಕಂಡು ಬಿದ್ದಿದ್ದೆ. ನನ್ ಗಂಡ ಬಾವಲಿ ಗಡಿ ಆಚೆಯಿಂದ ಒಬ್ಬ ಮಂತ್ರವಾದೀನ ಕರ್ಕಬಂದ. ಅವ್ನು ನನ್ ಸಂಕಟಾನೆಲ್ಲ ಸೀಸದ ಬೊಂಬೆಗೆ ಇಳಿಸಿ, ಮೊಳೆ ಹೊಡ್ದು, ಮಡುವಿನ ಕಲ್ಲಡಿ ಹೂತ. ಅವತ್ತಿಂದ ಮರಗಟ್ಟೋಗಿವ್ನಿ. ಗಂಡ ಸತ್ತಾಗ್ಲೂ ಕಣ್ಣಲ್ಲಿ ನೀರು ಬರ್ನಿಲ್ಲ. ಬೊಂಬೆ ಕಿತ್ತೋರ್ಗೆ ಈ ಮರಗಟ್ಟೋದು ಅಂಟ್ಕತದೆ ಅಂತ ಅವ್ನೇ ಯೋಳಿದ್ದ.”

ಬೃಂದಾಳಿಗೆ ನಗುವಿನ ಜೊತೆಗೆ ಕನಿಕರವೂ ಬಂತು. “ಇದು ಕಾಯಿಲೆ ದೊಡ್ಡಮ್ಮ, ಮಾತ್ರೆಗೆ ಹೋಗುತ್ತೆ. ಆ ಬೊಂಬೆ ತಂದು ನಿಮ್ಮ ಕೈಗೇ ಕೊಡ್ತೀನಿ. ಬರೀ ಸೀಸ ಅಂತ ನೀವೇ ನೋಡಿ.”

ಮುದುಕಿ ಮೊರ ಕೆಳಗಿಟ್ಟಳು. ಬೇಡ ಎನ್ನಲು ಬೇಕಾದ ಭಯವೂ ಅವಳಲ್ಲಿ ಉಳಿದಿರಲಿಲ್ಲ.

ಲಂಟಾನ ಪೊದೆಗಳ ನಡುವಿನ ಕಾಲುದಾರಿ ಇಳಿದಂತೆಲ್ಲ ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಅಡರಿತು. ಮಟಮಟ ಮಧ್ಯಾಹ್ನ. ಆದರೂ ಮರಗಳ ಕೆಳಗೆ ಕಾವಳ ಕವಿದಿತ್ತು. ಒಂದು ಹಕ್ಕಿಯ ಸದ್ದಿಲ್ಲ. ಕಪ್ಪು ಬಂಡೆಗಳ ನಡುವೆ ಮಡು ಲೊಳಲೊಳ ಕುದಿಯುತ್ತಿತ್ತು. ಬಿಳಿಯ ಹಬೆ ನೀರಿನ ಮೇಲೆ ತೆವಳುತ್ತಿತ್ತು.

ಫೋನ್ ಬಂತೆಂದು ಲಿಂಗರಾಜು ಹಿಂದೆಯೇ ನಿಂತ. ಬೃಂದಾ ಕಾಲ್ಬೆರಳು ಅದ್ದಿ ಚುರುಕ್ಕೆಂದು ಎಳೆದುಕೊಂಡಳು. ಬಗ್ಗಿ ನೋಡಿದರೆ ದಡದ ಕಲ್ಲಿನ ಸಂದಿಯಲ್ಲಿ ಕರ್ರಗಿನದೇನೋ ಸಿಕ್ಕಿಕೊಂಡಿತ್ತು. ಕೋಲು ಮುರಿದು ಮೀಟಿದಳು. ಒಮ್ಮೆಗೇ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡಂತಿತ್ತು. ಆಮೇಲೆ ತಟ್ಟನೆ ಬಿಟ್ಟುಕೊಟ್ಟಿತು.

ಹೆಬ್ಬೆರಳುದ್ದದ ಬೊಂಬೆ. ಸೊಂಟಕ್ಕೆ ಹೆಣ್ಣಿನ ಕೂದಲು ಸುತ್ತಿತ್ತು. ಎದೆಯಲ್ಲಿ ತುಕ್ಕು ಹಿಡಿದ ಮೊಳೆ. ಕುದಿಯುವ ನೀರಿನಿಂದ ಬಂದ ಆ ಸೀಸ ಅಂಗೈಯಲ್ಲಿ ಮಂಜಿನಂತೆ ಕೊರೆಯಿತು.

ಆ ಕೊರೆತವೂ ನಿಂತಿತು. ವಾಸನೆ ಹೋಯಿತು. ನೀರಿನ ಸದ್ದು ಎಲ್ಲೋ ದೂರ ಸರಿಯಿತು. ಬೃಂದಾಳಿಗೆ ಹಾಯೆನಿಸಿತು. ಬೊಂಬೆಯನ್ನು ಸೊಂಟಕ್ಕೆ ಸಿಕ್ಕಿಸಿ, ಸೀರೆ ಎತ್ತಿಕಟ್ಟಿ, ಮಡುವಿಗೆ ಇಳಿದಳು. ಪಾದ, ಮೀನಖಂಡ, ಮೊಣಕಾಲು. ನೀರು ಹದವಾಗಿತ್ತು.

“ಬಾ ಲಿಂಗು! ಒಂಚೂರೂ ಸುಡ್ತಿಲ್ಲ.”

ಅವನು ಫೋನ್ ಜೇಬಿಗಿಟ್ಟು ದಡಕ್ಕೆ ಬಂದ. “ನೀರ್ಮೇಲೆ ಒಗೆ ಆಡ್ತಾ ಅದಲ್ಲೇ.”

“ನಾನು ನಿಂತಿಲ್ವಾ? ಹೆದರುಪುಕ್ಕಲ!”

ಅವನು ನಕ್ಕ. ಅಂಗಿ ಬಿಚ್ಚಿ ಬಂಡೆಯ ಮೇಲೆಸೆದ. ಊರ ಕೆರೆಗೆ ಹಾರುವಂತೆ ಹಾರಿದ.

ಕಿರುಚಿದ. ಮುಳುಗಿದ. ಎದ್ದ. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಅವಳು ಕೈ ಹಿಡಿದೆಳೆದಳು. ಚರ್ಮ ಕೈಗೆ ಬಂತು. ಕಂಕುಳಿಗೆ ಕೈ ಹಾಕಿದಳು. ಎಳೆದಳು. ಮತ್ತೆ ಎಳೆದಳು. ದಡಕ್ಕೆ ತಂದು ಕೆಡವಿದಳು. ನಾಡಿ ನೋಡಿದಳು. ಆಂಬುಲೆನ್ಸಿಗೆ ಫೋನ್ ಮಾಡಿ ದಾರಿ ಹೇಳಿದಳು. ದನಿ ನಡುಗಲಿಲ್ಲ. ಗಂಡ ಕಾಲಬುಡದಲ್ಲಿ ಹೊರಳುತ್ತಿದ್ದ. ಎದೆಯೊಳಗೆ ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ.

ಅಷ್ಟರಲ್ಲಿ ಮೇಲಿನ ಪೊದೆಗಳನ್ನು ಸೀಳಿಕೊಂಡು ಒಂದು ಗೋಳು ಇಳಿದು ಬಂತು. ಚಿಕ್ಕಮಾದಮ್ಮ! ಕೂದಲು ಕೆದರಿ, ಎದೆ ಬಡಿದುಕೊಳ್ಳುತ್ತಾ, ಎಡವಿ ಬೀಳುತ್ತಾ ಓಡಿ ಬರುತ್ತಿದ್ದಳು. “ನನ್ ಕೂಸೇ... ಅಯ್ಯೋ, ನನ್ ಕಂದಾ...”

ಬೃಂದಾ ಅವಳ ಕಡೆ ನೋಡಿದಳು. ಅಳುವುದು ಹೀಗೆ, ಎಂದುಕೊಂಡಳು.

ಮೈಸೂರಿನ ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಬೃಂದಾಳ ಸೀರೆಯ ಅಂಚು ಸರಿಸಿ ಚೀರಿದ ಮೇಲಷ್ಟೇ ಅವಳ ಕಾಲುಗಳೂ ಮೊಣಕಾಲವರೆಗೆ ಬೆಂದಿರುವುದು ತಿಳಿದದ್ದು. ಲಿಂಗರಾಜುವಿಗೆ ಒಮ್ಮೆ ಎಚ್ಚರವಾಯಿತು. “ಸುಡ್ತಿಲ್ಲ ಅಂದ್ಯಲ್ಲೇ,” ಎಂದ. ಅದರಲ್ಲಿ ಸಿಟ್ಟಿರಲಿಲ್ಲ, ಬರೀ ಅಚ್ಚರಿಯಿತ್ತು.

“ಹೂಂ,” ಎಂದಳು ಬೃಂದಾ.

ಮರುದಿನ ಊಟದ ಹೊತ್ತಿಗೆ ಅವನು ತೀರಿಕೊಂಡ. ಡಾಕ್ಟರು ಬಂದು ಹೇಳಿದಾಗ ಅವಳು ಮೊಸರನ್ನ ತಿನ್ನುತ್ತಿದ್ದಳು. ತಲೆಯಾಡಿಸಿ, ಉಳಿದದ್ದನ್ನೂ ತಿಂದು ಮುಗಿಸಿದಳು.

ಸುದ್ದಿ ಕೇಳಿ ಚಿಕ್ಕಮಾದಮ್ಮ ಬಂದಳು. ಅತ್ತೂ ಅತ್ತೂ ಅವಳ ಮುಖ ಬಾತುಹೋಗಿತ್ತು. ಬೃಂದಾ ದಿಂಬಿನಡಿಯಿಂದ ಬೊಂಬೆ ತೆಗೆದು ಚಾಚಿದಳು. “ಇದನ್ನ ವಾಪಸ್ ತಗೊಂಡು ಮಡುವಲ್ಲೇ ಇಟ್ಟುಬಿಡಿ ದೊಡ್ಡಮ್ಮ. ಗಂಡ ಸತ್ತಿದಾನೆ, ಅಳಬೇಕು ಅಂತ ಗೊತ್ತು. ಆಗ್ತಿಲ್ಲ. ನೀವು ತಗೊಂಡ್ರೆ ಸರಿಹೋಗುತ್ತೆ ಅಲ್ವಾ?”

ಮುದುಕಿಯ ಕೈ ಅರ್ಧದವರೆಗೆ ಬಂತು. ಅಲ್ಲೇ ತಡೆಯಿತು. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

“ಅತ್ಕೊಂಡೇ ಸಾಯ್ತೀನಿ ಕಣವ್ವ, ಅದು ಮಾತ್ರ ಬ್ಯಾಡ. ನನ್ ಮಗಳ ಮೊಕನೇ ಮರ್ತೋಗಿತ್ತು. ಇವಾಗ ಕಣ್ ಮುಂದೆ ಬಂದವ್ಳೆ. ಜಡೆ, ಮೂಗುಬೊಟ್ಟು, ಎಲ್ಲಾನೂವೆ. ಅವಳ್ನ ಇನ್ನೊಂದ್ ಸಲ ಮುಳುಗ್ಸಾಕೆ ನನ್ ಕೈಲಾಗಾಕಿಲ್ಲ. ನನ್ನ ಕ್ಷಮಿಸ್ಬುಡು.”

ಅವಳ ಅಳು ಕಾರಿಡಾರಿನುದ್ದಕ್ಕೂ ದೂರವಾಗುತ್ತಾ ಹೋಯಿತು.

ಬೃಂದಾಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕೆಳಗೆ ಕರೆದೊಯ್ದರು. ಶವದ ಬಳಿ ನಿಂತಿದ್ದ ಆಳು ಬಟ್ಟೆ ಸರಿಸಿ, “ಕೊನೇ ಸಲ ಮುಖ ನೋಡ್ಕೊಳ್ಳಿ ತಾಯಿ,” ಎಂದ.

ಬೃಂದಾ ನೋಡಿದಳು. ವಾರ್ಡಿನಲ್ಲಿ ದಿನಾ ಕಾಣುವಂಥ ಯಾವುದೋ ಮುಖ.

“ಆಯ್ತು,” ಎಂದಳು. “ಮುಚ್ಚಿ.”